ಉಳಿದ ಅರ್ಧ ಸುತ್ತು

ರಾಮನಗರದ ಸ್ಟೇಷನ್ನು ಇನ್ನೂ ಬಂದಿರಲಿಲ್ಲ. ಅದರ ವಾಸನೆ ಮೊದಲು ಬಂತು. ಎದುರಿಗೆ ಕೂತಿದ್ದ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡು, "ಏನಾದ್ರೂ ಸತ್ತು ಬಿದ್ದೈತಾ ಇಲ್ಲಿ?" ಎಂದು ಗಂಡನನ್ನು ಕೇಳಿದಳು. ಆತ ಕಿಟಕಿಯಾಚೆ ನೋಡುತ್ತಲೇ, "ರೇಷ್ಮೆ ಗೂಡು ಬೇಯಿಸ್ತಾರೆ ಕಣೆ. ಒಳಗಡೆ ಹುಳ ಇರ್ತದಲ್ಲ" ಅಂದ.

ನಾನು ಚೀಲ ಹೆಗಲಿಗೇರಿಸಿ ಬಾಗಿಲ ಹತ್ತಿರ ಹೋಗಿ ನಿಂತೆ. ನನ್ನ ಮೂಗಿಗೂ ಬಡಿದಿತ್ತು. ಅದಕ್ಕಿಂತ ಹೆಚ್ಚಿನ ಸಂಕಟ ಇನ್ನೊಂದು. ಇದೇ ಊರಿನಲ್ಲಿ, ಇದೇ ವಾಸನೆಯ ನಟ್ಟನಡುವೆ, ಒಂದು ವರ್ಷ ನಾನು ಉಂಡು ಮಲಗಿ ಎದ್ದಿದ್ದೆ. ಆಗ ಒಬ್ಬರು ದಿನವೂ ನನ್ನನ್ನು ಒಂದು ಪ್ರಶ್ನೆ ಕೇಳುತ್ತಿದ್ದರು. ದಿನವೂ ಒಂದೇ ಉತ್ತರ ಕೊಡುತ್ತಿದ್ದೆ. ಆ ಉತ್ತರ ಈಗ ರೈಲಿನ ಬಾಗಿಲಲ್ಲಿ ನಿಂತ ನನ್ನ ಮುಖಕ್ಕೆ ರಾಚಿತು.

ಆ ವರ್ಷ ರಾಮನಗರ ಹೊಸದಾಗಿ ಜಿಲ್ಲೆಯಾಗಿತ್ತು. ಮಾಗಡಿ ಕಡೆಯ ನಮ್ಮೂರಿನಲ್ಲಿ ಅಪ್ಪ ಕಲ್ಲು ಒಡೆಯುತ್ತಿದ್ದ. ಬಂಡೆಗೆ ಸಾಲಾಗಿ ತೂತು ಕೊರೆದು, ಬೆಣೆ ಬಡಿದು, ಸೀಳಿ, ಉದ್ದನೆಯ ಕಂಬಗಳನ್ನು ಮಾಡಿಕೊಡುವುದು ಅವನ ಕಸುಬು. ಮೊದಲೆಲ್ಲ ಆ ಕಂಬಗಳು ದ್ರಾಕ್ಷಿ ತೋಟಗಳಿಗೆ ಹೋಗುತ್ತಿದ್ದವು. ಬರಬರುತ್ತ ತೋಟಗಳೇ ಸೈಟುಗಳಾದವು. ಅಪ್ಪನ ಕಲ್ಲುಗಳೂ ಗಿಡ್ಡವಾಗಿ ಸೈಟಿನ ಮೂಲೆಗಳಲ್ಲಿ ನಿಲ್ಲತೊಡಗಿದವು. ನಾನು ಸಿವಿಲ್ ಇಂಜಿನಿಯರಿಂಗ್ ಮುಗಿಸಿದೆ. ನಮ್ಮ ಮನೆಯಲ್ಲಿ ಮಾತ್ರವಲ್ಲ, ನಮ್ಮ ಇಡೀ ಬೀದಿಯಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಅದು ಯಾರೂ ದಾನ ಕೊಟ್ಟದ್ದಲ್ಲ. ಹಾಸ್ಟೆಲ್ಲಿನ ಸಾರು ಕುಡಿದು, ಅಕ್ಕಪಕ್ಕದವರ ಹಳೇ ಪುಸ್ತಕ ಬೇಡಿ ಓದಿ, ಎರಡು ವಿಷಯಗಳಲ್ಲಿ ಫೇಲಾಗಿ, ಮತ್ತೆ ಕೂತು ಪಾಸಾದ ಡಿಗ್ರಿ ಅದು.

ನನಗೆ ಮೊದಲ ಕೆಲಸ ಸಿಕ್ಕಿದ್ದು ರಾಮನಗರದಲ್ಲಿ, ಬಡಾವಣೆಗಳ ನಕ್ಷೆ ನೋಡಿ ಒಪ್ಪಿಗೆ ಕೊಡುವ ಕಚೇರಿಯಲ್ಲಿ. ಅಪ್ಪ ಊರಿನ ಟೀ ಅಂಗಡಿಯಲ್ಲಿ, "ಕಲ್ಲು ನೆಡೋನು ನಾನು ಕಣ್ಲಾ. ಎಲ್ಲಿ ನೆಡ್ಬೇಕು ಅಂತ ಹೇಳೋಳು ನನ್ ಮಗಳು" ಎಂದು ಹೇಳಿಕೊಂಡು ಓಡಾಡಿದನಂತೆ.

ಆಷಾಢದ ಗಾಳಿ ಎದ್ದಿತ್ತು. ರಾಮನಗರದಲ್ಲಿ ಗಾಳಿ ಬಂಡೆಗಳ ನಡುವೆ ನುಗ್ಗಿ ಬರುವಾಗ ಯಾರೋ ದೂರದಲ್ಲಿ ಲಾರಿ ನಿಲ್ಲಿಸದೆ ಓಡಿಸುತ್ತಿರುವ ಹಾಗೆ ಕೇಳುತ್ತದೆ. ಆ ಗಾಳಿಯಲ್ಲಿ ಮನೆ ಹುಡುಕಿದೆ. ಒಂಟಿ ಹುಡುಗಿ ಎಂದು ಕೆಲವರು ಬೇಡ ಅಂದರು. ಒಂದೆರಡು ಕಡೆ ಊರು ಕೇಳಿ, ಅಪ್ಪನ ಕೆಲಸ ಕೇಳಿ, ಆಮೇಲೆ ಮನೆ ಖಾಲಿಯಿಲ್ಲ ಅಂದರು. ಅದು ನನಗೆ ಹೊಸದಲ್ಲ. ಕಡೆಗೆ ಗೂಡು ಬಿಚ್ಚುವವರ ಮೊಹಲ್ಲಾದಲ್ಲಿ ಮಹಡಿ ಮೇಲಿನ ಒಂದು ಕೋಣೆ ಇದೆ ಎಂದು ಕಚೇರಿಯ ಜವಾನ ಹೇಳಿದ. ಮನೆಯ ಯಜಮಾನಿ ಶಮೀಮ್ ಆಪಾ, ಮೊಹಲ್ಲಾಕ್ಕೆಲ್ಲ ಅಕ್ಕ. ಗಂಡ ತೀರಿಕೊಂಡ ಮೇಲೆ ಕೆಳಗಿನ ಶೆಡ್ಡಿನಲ್ಲಿ ನಾಲ್ಕಾರು ಹೆಂಗಸರನ್ನು ಇಟ್ಟುಕೊಂಡು ರೇಷ್ಮೆ ನೂಲು ತೆಗೆಸುತ್ತಿದ್ದರು. ತಾವೂ ಒಂದು ಒಲೆಯ ಮುಂದೆ ಕೂರುತ್ತಿದ್ದರು. ಮಗ ಚನ್ನಪಟ್ಟಣದಲ್ಲಿ ಗೊಂಬೆ ಅಂಗಡಿಯಲ್ಲಿ ಕೆಲಸಕ್ಕಿದ್ದ.

ಅವರು ನನ್ನ ಊರನ್ನೂ ಕೇಳಲಿಲ್ಲ, ಜನವನ್ನೂ ಕೇಳಲಿಲ್ಲ.

"ವಾಸನೆ ತಡ್ಕೋತೀಯಾ? ಈಗ್ಲೇ ಹೇಳ್ಬುಟ್ಟಿದ್ದೀನಿ. ಆಮೇಲೆ ವಾಂತಿ ಗೀಂತಿ ಅಂದ್ರೆ ನನ್ನ ಕೇಳ್ಬೇಡ."

"ಕಲ್ಲಿನ ಧೂಳು ಕುಡ್ಕೊಂಡು ಬೆಳ್ದೋಳು ಆಪಾ. ಇದೇನು ಮಹಾ."

"ಹಂಗಂತ ಬಂದೋರು ಮೂರನೇ ದಿನಕ್ಕೆ ಗಂಟು ಕಟ್ಟವ್ರೆ" ಅಂದು ಬೀಗದ ಕೈ ಕೊಟ್ಟರು.

ಮೂರನೇ ದಿನ ನಾನೂ ಗಂಟು ಕಟ್ಟುವವಳೇ ಇದ್ದೆ. ಬೆಳಕು ಹರಿಯುವ ಮೊದಲೇ ಕೆಳಗೆ ಒಲೆ ಹತ್ತುತ್ತಿತ್ತು. ಕುದಿಯುವ ನೀರಿಗೆ ಗೂಡು ಬಿದ್ದ ಮೇಲೆ ಹಬೆ ಎದ್ದು ಮೆಟ್ಟಿಲು ಹತ್ತಿ ನನ್ನ ಕೋಣೆಗೆ ಬರುತ್ತಿತ್ತು. ಬೆಂದ ಹುಳದ ಆ ನಾತ ಎಣ್ಣೆಯ ಹಾಗೆ ಅಂಟುತ್ತದೆ, ಅನ್ನದ ಮೇಲೂ ಕೂರುತ್ತದೆ. ನಿಂಬೆಹಣ್ಣು ಹೆಚ್ಚಿ ತಟ್ಟೆಯ ಪಕ್ಕ ಇಟ್ಟುಕೊಂಡು ಉಂಡೆ. ಆದರೆ ಹೋಗುವುದೆಲ್ಲಿಗೆ? ತಡೆದುಕೊಂಡೆ. ಶ್ರಾವಣದ ಹೊತ್ತಿಗೆ ನಿಂಬೆಹಣ್ಣು ತರುವುದನ್ನೇ ಮರೆತಿದ್ದೆ. ವಾಸನೆ ಹೋಯಿತು ಅಂದುಕೊಂಡೆ. ಗೌರಿ ಹಬ್ಬದ ಹೊತ್ತಿಗೆ ಅಂಥದೊಂದು ಇತ್ತು ಎಂಬುದೂ ಮರೆತುಹೋಯಿತು.

ಆಪಾಗೆ ಉಸಿರಿನ ತೊಂದರೆ. ವರ್ಷಗಟ್ಟಲೆ ಹಬೆ, ಹೊಗೆ ಎಳೆದುಕೊಂಡ ಎದೆ. ಮಾತಿನ ನಡುವೆ ನಿಂತು, ಯಾರೋ ಕರೆದದ್ದನ್ನು ಕೇಳಿಸಿಕೊಳ್ಳುವವರ ಹಾಗೆ ತಲೆ ವಾರೆ ಮಾಡಿ, ಉಸಿರು ಬರುವುದನ್ನು ಕಾಯುತ್ತಿದ್ದರು. ಮಳೆಗಾಲದಲ್ಲಿ ಅದು ಹೆಚ್ಚಾಯಿತು. ಒಂದು ದಿನ ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು, "ಒಲೆ ಮುಂದೆ ಕೂರೋದು ಬಿಡಿ. ಬಿಡಕ್ಕಾಗಲ್ಲ ಅಂದ್ರೆ ದಿನಾ ಸಾಯಂಕಾಲ ಒಳ್ಳೆ ಗಾಳಿ ಇರೋ ಕಡೆ ನಡೀರಿ. ಇಲ್ದಿದ್ರೆ ಈ ಎದೆ ಜಾಸ್ತಿ ದಿನ ನಡೆಯಲ್ಲ" ಅಂದರು.

"ಎಲ್ಲಿ ನಡೀಲಿ ಡಾಕ್ಟ್ರೇ? ಮೋರಿ ಮೇಲಾ?" ಅಂದರು ಆಪಾ.

ತಮಾಷೆಗೆ ಹೇಳಿದ್ದಲ್ಲ. ನಮ್ಮ ಮೊಹಲ್ಲಾದಲ್ಲಿ ಎರಡು ಮನೆಗಳ ನಡುವೆ ಇದ್ದ ಜಾಗ ಮೋರಿಯದು. ಮೋರಿ ಬಿಟ್ಟರೆ ಗೂಡಿನ ಆಟೋಗಳದ್ದು. ಮಕ್ಕಳು ಆಡುತ್ತಿದ್ದುದು ಒಲೆಯ ಸೌದೆ ರಾಶಿಯ ಮೇಲೆ.

ಆಸ್ಪತ್ರೆಯಿಂದ ಬಂದ ಮಾರನೆಯ ದಿನ ಕಚೇರಿಯಲ್ಲಿ ನನ್ನ ಮೇಜಿಗೆ ಬಂದ ಫೈಲು ಪಾರ್ಕಿನದು. ಬಡಾವಣೆ ಮಾಡುವವರು ಪಾರ್ಕಿಗೆ ಜಾಗ ಬಿಡಬೇಕು. ಜಾಗ ಬಿಡುವಷ್ಟು ದೊಡ್ಡ ಬಡಾವಣೆ ಅಲ್ಲದಿದ್ದರೆ ಅದರ ಬದಲಿಗೆ ಶುಲ್ಕ ಕಟ್ಟಬೇಕು. ಆ ದುಡ್ಡಿನಿಂದ ಊರಿಗೆ ಪಾರ್ಕು ಮಾಡಬೇಕು. ಹೆದ್ದಾರಿಯ ಕಡೆ ಒಂದರ ಪಕ್ಕ ಒಂದು ಸಣ್ಣ ಬಡಾವಣೆಗಳು ಏಳುತ್ತಿದ್ದವು. ಅವುಗಳಲ್ಲಿ ದೊಡ್ಡದು ಕೆಂಪರಾಜು ಎಂಬ ಕನಕಪುರ ಕಡೆಯ ಮನುಷ್ಯನದು. ಅವನು ಜಾಗ ಬಿಟ್ಟಿದ್ದ, ಉಳಿದವರು ಶುಲ್ಕ ಕಟ್ಟಬೇಕಿತ್ತು. ಎಲ್ಲರ ಪರವಾಗಿ ಜಗಳಕ್ಕೆ ಬರುತ್ತಿದ್ದವನು ಅವನೇ.

"ಮೇಡಂ, ಅಲ್ಲಿ ಒಂದು ಮನೇನೂ ಎದ್ದಿಲ್ಲ. ಪಾರ್ಕು ಅಂತೀರಿ. ಯಾರು ಕುಂತ್ಕೊಳೋದು ಬೆಂಚ್ ಮೇಲೆ, ನರಿಗಳಾ?"

"ಮನೆ ಎದ್ದ ಮೇಲೆ ಜಾಗ ಎಲ್ಲಿಂದ ತರ್ತೀರಿ ಕೆಂಪರಾಜು ಅವ್ರೇ?"

"ಅದೂ ಸರಿನೇ. ಕಟ್ತೀವಿ ಬುಡಿ. ನಮ್ದೇನು ಹೋಗ್ತದೆ, ಸೈಟು ತಗೊಳೋನು ಕೊಡ್ತಾನೆ" ಅಂದು ನಕ್ಕ. ಆ ಮಾತನ್ನು ಆಗ ನಾನು ಗಮನಕ್ಕೆ ತೆಗೆದುಕೊಳ್ಳಲಿಲ್ಲ.

ನನ್ನ ತಲೆಯಲ್ಲಿ ಓಡುತ್ತಿದ್ದುದು ಬೇರೆ. ಮೊಹಲ್ಲಾದ ಹಿಂದೆ ಪಾಳುಬಿದ್ದ ಗೋಡೌನಿನ ಪಕ್ಕ ಒಂದಿಷ್ಟು ಸರ್ಕಾರಿ ಜಾಗ ಇತ್ತು. ಸಾಹೇಬರ ಮುಂದೆ ಹೋಗಿ ನಿಂತೆ. ನಮ್ಮ ಸಾಹೇಬರು ಪುಟ್ಟಸ್ವಾಮಯ್ಯನವರು ನಿವೃತ್ತಿಗೆ ಹತ್ತಿರ ಬಂದಿದ್ದ, ಯಾರ ಮೇಲೂ ದನಿಯೆತ್ತದ ಮನುಷ್ಯ.

"ಸಾರ್, ಆ ಶುಲ್ಕದಲ್ಲಿ ಇಲ್ಲೊಂದು ಪಾರ್ಕ್ ಮಾಡ್ಬೋದಲ್ವಾ? ಇಲ್ಲಿ ಜನ ಇದಾರೆ. ಅಲ್ಲಿ ಬರೀ ಕಲ್ಲು ನೆಟ್ಟವೆ."

"ಮಾಡ್ಬೋದು ಅಂತ ನಿಂಗೂ ಅನ್ಸುತ್ತೆ, ನಂಗೂ ಅನ್ಸುತ್ತೆ. ಆದ್ರೆ ಯಾವ ಕಡೆ ಬಡಾವಣೆಗೆ ಅಂತ ಕಟ್ಟಿಸ್ಕೊಂಡ್ವೋ ಆ ಕಡೇನೇ ಖರ್ಚು ಮಾಡ್ಬೇಕಮ್ಮ. ಕಟ್ಟಿದೋನು ನಾಳೆ ಕೋರ್ಟಿಗೆ ಹೋಗಿ, ನನ್ ದುಡ್ಡು ನನ್ ಜಾಗದ ಹತ್ರ ಎಲ್ಲೈತೆ ಅಂದ್ರೆ ಏನ್ ಹೇಳ್ಲಿ?"

"ಹಂಗಾದ್ರೆ ಮೊಹಲ್ಲಾಕ್ಕೆ?"

"ಅಲ್ಲಿ ಯಾರಾದ್ರೂ ಹೊಸ ಬಡಾವಣೆ ಮಾಡ್ತಾರಾ?"

"ಅಲ್ಲಿ ಕಾಲಿಡೋಕೆ ಜಾಗ ಇಲ್ಲ ಸಾರ್."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಉತ್ತರ ನನ್ನ ಬಾಯಿಂದಲೇ ಬಂದಿತ್ತು. ಕಾಲಿಡಲು ಜಾಗ ಇಲ್ಲದ ಕಡೆ ಹೊಸ ಸೈಟು ಹುಟ್ಟುವುದಿಲ್ಲ. ಸೈಟು ಹುಟ್ಟದ ಕಡೆ ಶುಲ್ಕ ಹುಟ್ಟುವುದಿಲ್ಲ. ಶುಲ್ಕ ಹುಟ್ಟದ ಕಡೆ ಪಾರ್ಕು ಹುಟ್ಟುವುದಿಲ್ಲ. ಯಾರಿಗೆ ಗಾಳಿ ಬೇಕೋ ಅವರ ಪಾಲಿಗೆ ಅದು ಯಾವತ್ತೂ ಬರದ ಹಾಗೆ ಈ ವ್ಯವಸ್ಥೆ ತನ್ನಷ್ಟಕ್ಕೆ ನಡೆಯುತ್ತದೆ. ಅದರಲ್ಲಿ ಯಾರದೂ ತಪ್ಪಿಲ್ಲ. ಯಾರದೂ ತಪ್ಪಿಲ್ಲ ಎಂಬುದೇ ನನ್ನ ಹೊಟ್ಟೆ ಉರಿಸಿತು.

ದಸರಾ ಮಳೆ ನಿಂತ ಮೇಲೆ ಪಾರ್ಕಿನ ಕೆಲಸ ಶುರುವಾಯಿತು. ಕೆಂಪರಾಜು ಬಿಟ್ಟ ಜಾಗ, ಎಲ್ಲರ ಶುಲ್ಕ. ಸುತ್ತ ನಡೆಯಲು ದಾರಿ, ಎರಡು ಉಯ್ಯಾಲೆ, ಕಲ್ಲು ಬೆಂಚು, ಹೊಂಗೆ ಮತ್ತು ನೇರಳೆ ಸಸಿ. ಬೇಲಿಯ ಕಲ್ಲು ಕಂಬಗಳು ಬಂದದ್ದು ನಮ್ಮೂರಿನ ಕಡೆಯಿಂದ. ಟ್ರ್ಯಾಕ್ಟರಿನ ಮೇಲೆ ಕೂತು ಅಪ್ಪನೂ ಬಂದ. ಗೇಟಿನ ಕಂಬ ನೆಟ್ಟು, ಮಣ್ಣು ತುಳಿದು ಗಟ್ಟಿ ಮಾಡಿ, ಮಗುವಿನ ಬೆನ್ನು ತಟ್ಟುವ ಹಾಗೆ ಅದನ್ನು ತಟ್ಟಿ, "ಒಳ್ಳೆ ಕಲ್ಲು ಕಣವ್ವ. ನೀನು ಮುದುಕಿ ಆದ್ರೂ ಅಲ್ಲಾಡಕಿಲ್ಲ" ಅಂದ. ನನ್ನ ಹೆಸರು ಅಲ್ಲಿ ಎಲ್ಲೂ ಇರಲಿಲ್ಲ. ಆದರೂ ಅದು ನನ್ನ ಪಾರ್ಕು ಅಂತಲೇ ಅಪ್ಪ ಊರಿಗೆ ಹೇಳಿದ. ನಾನೂ ಬೇಡ ಅನ್ನಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಪಾರ್ಕು ಸಿದ್ಧವಾಯಿತು. ಮನೆಯಿಲ್ಲದ ಬಯಲಿನ ನಡುವೆ ಅದೊಂದು ಹಸಿರು ಚೌಕ. ನನಗೆ ತಟ್ಟನೆ ಹೊಳೆಯಿತು. ಪಾರ್ಕು ಮೊಹಲ್ಲಾಕ್ಕೆ ಬರದಿದ್ದರೆ ಮೊಹಲ್ಲಾ ಪಾರ್ಕಿಗೆ ಹೋಗಬಾರದು ಎಂದು ಯಾವ ಕಾನೂನಿದೆ?

"ನಡೀರಿ ಆಪಾ" ಅಂದೆ.

"ಯಾರ್ದೋ ಜಾಗ್ದಾಗೆ ಹೋಗಿ ಕುಂತ್ಕೊಳಾಕೆ ನಂಗೇನು ಹುಚ್ಚಾ?"

"ಯಾರ್ದೋ ಅಲ್ಲ. ಊರಿಂದು. ನಾನೇ ಫೈಲ್ ಮಾಡಿದ್ದು."

ನೂಲು ತೆಗೆಯುವ ರೀಲಿಂಗ್ ಕೆಲಸದ ದಿನ ಬೇಗ ಶುರುವಾಗಿ ಬೇಗ ಮುಗಿಯುತ್ತದೆ. ಇಳಿಹೊತ್ತಿಗೆ ಒಲೆ ಆರಿಸಿ, ನೀರು ಚೆಲ್ಲಿ, ಕೈ ತೊಳೆದರೆ ಆಯಿತು. ಆ ಕೈಗಳನ್ನು ಒಂದು ಸಲ ನೋಡಿದವರು ಮರೆಯುವುದಿಲ್ಲ. ಬಿಸಿನೀರಿನಲ್ಲಿ ನೆನೆದು ನೆನೆದು ಬೆಳ್ಳಗೆ ಸುಕ್ಕಾಗಿ, ಬೇರೆ ಯಾರದ್ದೋ ಕೈಗಳನ್ನು ಎರವಲು ತಂದ ಹಾಗಿರುತ್ತವೆ. ಮೊದಲ ದಿನ ಆಪಾ, ನಾನು ಇಬ್ಬರೇ ಆಟೋದಲ್ಲಿ ಹೋದೆವು. ಅರ್ಧ ಸುತ್ತಿಗೇ ನಿಂತು ಉಸಿರು ಕಾದರು. ಆಮೇಲೆ ಶೆಡ್ಡಿನ ಹೆಂಗಸರೂ ಜೊತೆಯಾದರು. ಅವರಲ್ಲಿ ಮುನ್ನಿ ಎಂಬವಳು ಎಲ್ಲರಿಗಿಂತ ಚಿಕ್ಕವಳು, ಬಾಯಿ ಎಲ್ಲರಿಗಿಂತ ದೊಡ್ಡದು. ಉಯ್ಯಾಲೆ ಹತ್ತಿದರೆ ಇಳಿಯುತ್ತಿರಲಿಲ್ಲ.

"ಮುನ್ನಿ, ಇಳಿಯೇ. ಸರಪಳಿ ಕಿತ್ಕೊಂಡು ಬಿದ್ರೆ ಮಂಜು ಕೆಲ್ಸ ಹೋಗ್ತದೆ" ಎಂದು ಆಪಾ ಬೈಯುತ್ತಿದ್ದರು. ಮಂಜು ಎಂದರೆ ನಾನು.

"ಹೋಗ್ಲಿ ಬುಡಿ ಆಪಾ. ಇವ್ರಿಗೂ ಒಂದು ಒಲೆ ಕೊಡಾನ."

ಆ ಚಳಿಗಾಲ ಚೆನ್ನಾಗಿತ್ತು. ಬಂಡೆಗಳ ಹಿಂದೆ ಸೂರ್ಯ ಇಳಿಯುವಾಗ ಕಲ್ಲಿನ ಬಿಸಿ ಹಿತವಾಗಿ ಬೀಸುತ್ತಿತ್ತು. ಶಿವರಾತ್ರಿಯ ಹೊತ್ತಿಗೆ ಆಪಾ ಪಾರ್ಕಿನ ಸುತ್ತು ಪೂರ್ತಿ ಹಾಕಿ, ನಿಲ್ಲದೆ ಇನ್ನೊಂದಕ್ಕೆ ಕಾಲಿಡುತ್ತಿದ್ದರು. ಮಾತಿನ ನಡುವೆ ತಲೆ ವಾರೆ ಮಾಡಿ ಕಾಯುವುದು ಕಡಿಮೆಯಾಯಿತು.

ಇದರಿಂದ ಹೆಚ್ಚು ಖುಷಿಪಟ್ಟವನು ಕೆಂಪರಾಜು. ಸೈಟು ನೋಡಲು ಬೆಂಗಳೂರಿನಿಂದ ಕಾರುಗಳು ಬಂದಾಗ ಅವನು ಪಾರ್ಕಿನ ಮುಂದೆಯೇ ನಿಲ್ಲಿಸುತ್ತಿದ್ದ. "ನೋಡಿ ಸಾರ್, ಇನ್ನೂ ಮನೆ ಎದ್ದಿಲ್ಲ, ಆಗ್ಲೇ ಫ್ಯಾಮಿಲಿಯೋರು ವಾಕಿಂಗ್ ಬತ್ತಾವ್ರೆ" ಅನ್ನುತ್ತಿದ್ದ. ಒಂದು ಭಾನುವಾರ ನಮಗೆಲ್ಲ ಟೀ ತರಿಸಿಕೊಟ್ಟ. ಅವನ ಸೈಟುಗಳು ಒಂದೊಂದಾಗಿ ಮಾರಿಹೋದವು. ಆಪಾ, ಮುನ್ನಿ ಸುತ್ತು ಹಾಕಿದ್ದರಿಂದಲೇ ಹೋದವು ಎಂದರೆ ಹೆಚ್ಚಾದೀತು. ಅದರಿಂದ ಅಲ್ಲವೇ ಅಲ್ಲ ಎಂದರೆ ಸುಳ್ಳಾದೀತು.

ಶಿವರಾತ್ರಿ ಕಳೆಯುತ್ತಲೇ ಅವಸರದಲ್ಲಿ ಮನೆಗಳು ಏಳತೊಡಗಿದವು. ಬೇಸಗೆ ಮುಗಿಯುವ ಮೊದಲೇ ಕೆಲವಕ್ಕೆ ಗೃಹಪ್ರವೇಶವೂ ಆಯಿತು. ಪಾರ್ಕಿಗೆ ಎದುರಾಗಿದ್ದ ಮನೆ ಸರಸ್ವತಮ್ಮ ಎಂಬವರದು. ಬೆಂಗಳೂರಿನಲ್ಲಿ ನೌಕರಿ ಮುಗಿಸಿ, ಗಂಡನ ಜೊತೆ ಇಲ್ಲಿಗೆ ಬಂದವರು. ಒಳ್ಳೆಯವರೇ. ಗೃಹಪ್ರವೇಶದ ದಿನ ಪಾರ್ಕಿನಲ್ಲಿದ್ದ ನಮ್ಮೆಲ್ಲರಿಗೂ ಬೇಲಿಯಾಚೆಯಿಂದ ಲಾಡು ಕೊಟ್ಟರು. ಹಸಿರು ರೇಷ್ಮೆ ಸೀರೆ ಉಟ್ಟಿದ್ದರು. ಒಂದು ವಾರ ಬಿಟ್ಟು ನನ್ನನ್ನು ಪಕ್ಕಕ್ಕೆ ಕರೆದು, "ಬೇಜಾರ್ ಮಾಡ್ಕೋಬೇಡಮ್ಮ. ಇವ್ರು ಬರ್ಲಿ. ಆದ್ರೆ ಆ ವಾಸನೆ... ಕಿಟಕಿ ತೆಗೆಯೋಕೆ ಆಗಲ್ಲ ನೋಡು" ಅಂದರು.

"ಯಾವ ವಾಸನೆ?" ಅಂದೆ. ನಿಜವಾಗಿ ತಿಳಿಯದೆ ಕೇಳಿದ್ದು. ಅವರು ನನ್ನನ್ನು ಒಂದು ನಮೂನೆ ನೋಡಿ, ಮಾತು ಬೆಳೆಸದೆ ಒಳಗೆ ಹೋದರು.

ಮುನ್ನಿಗೆ ಕೇಳಿಸಿತ್ತು. ದಾರಿಯುದ್ದಕ್ಕೂ, "ಸೀರೆ ಬೇಕು, ಹುಳ ಬೇಡ" ಎಂದು ಹಾಡಿಕೊಂಡು ಬಂದಳು. ಆಪಾ ನಗಲಿಲ್ಲ. ಮಾರನೆಯ ದಿನದಿಂದ ಒಲೆ ಆರಿಸಿದ ಮೇಲೆ ಎಲ್ಲರೂ ಸ್ನಾನ ಮಾಡತೊಡಗಿದರು. ಬೇಸಗೆ, ನಲ್ಲಿಯಲ್ಲಿ ನೀರು ಬರುವುದು ದಿನ ಬಿಟ್ಟು ದಿನ. ಆದರೂ ಮಾಡಿದರು. ಗಂಡ ಇದ್ದಾಗ ಈದ್‌ಗೆ ತಂದಿದ್ದ ಅತ್ತರಿನ ಸೀಸೆಯನ್ನು ಆಪಾ ಗೋಡೆಯ ಗೂಡಿನಿಂದ ಇಳಿಸಿದರು. ಹತ್ತಿಯ ತುದಿಗೆ ಒಂದು ಹನಿ ಮುಟ್ಟಿಸಿ ಎಲ್ಲರ ಕುತ್ತಿಗೆಗೆ, ಮಣಿಕಟ್ಟಿಗೆ ಸವರುತ್ತಿದ್ದರು. ಆಮೇಲೆ ನನ್ನ ಹತ್ತಿರ ಬಂದು ಮುಖ ಬಗ್ಗಿಸಿ ನಿಲ್ಲುತ್ತಿದ್ದರು.

"ನೋಡು ಮಂಜು. ಬತ್ತಾ ಐತಾ? ಒಲೆ ಮುಂದೆ ಕೂರೋರಿಗೆ ಗೊತ್ತಾಗಕಿಲ್ಲ. ನೀನು ಹೇಳು."

ನಾನು ಹತ್ತಿರ ಹೋಗಿ ಮೂಸಿ ನೋಡುತ್ತಿದ್ದೆ. ಮಲ್ಲಿಗೆ ಅತ್ತರು, ಸೋಪು, ಅಷ್ಟೆ.

"ಇಲ್ಲ ಆಪಾ. ಒಂದು ಚೂರೂ ಇಲ್ಲ."

ಆಮೇಲೆ ಹೊರಡುತ್ತಿದ್ದೆವು. ಹೀಗೆ ಎಷ್ಟೋ ದಿನ.

ಮುಂಗಾರು ಶುರುವಾಗಿ ಒಂದು ವಾರ ಮಳೆ ಹಿಡಿಯಿತು, ಹೋಗಲಾಗಲಿಲ್ಲ. ಮಳೆ ಬಿಟ್ಟ ದಿನ ಹೋದರೆ ಗೇಟಿಗೆ ಬೀಗ. ನಮ್ಮಪ್ಪ ನೆಟ್ಟ ಕಲ್ಲು ಕಂಬಕ್ಕೆ ಸರಪಳಿ ಸುತ್ತಿತ್ತು. ತಗಡಿನ ಮೇಲೆ ಹೊಸ ಬಣ್ಣದಲ್ಲಿ, 'ಬಡಾವಣೆಯ ನಿವಾಸಿಗಳಿಗೆ ಮಾತ್ರ' ಎಂದು ಬರೆದಿತ್ತು. ಒಳಗೆ ಯಾರೋ ಇಬ್ಬರು ಮಕ್ಕಳು ಉಯ್ಯಾಲೆ ಆಡುತ್ತಿದ್ದರು. ಆಪಾ ಕನ್ನಡ ಓದಲಾರರು.

"ಏನಂತೆ?" ಅಂದರು.

ಓದಿ ಹೇಳಿದೆ. ನನ್ನ ಡಿಗ್ರಿ ಅವತ್ತು ಬಂದ ಉಪಯೋಗಕ್ಕೆ ಇನ್ಯಾವತ್ತೂ ಬಂದಿಲ್ಲ.

ಮಾರನೆಯ ಬೆಳಿಗ್ಗೆಯೇ ಸಾಹೇಬರ ಮುಂದೆ ನಿಂತೆ. ಅವರು ಕೇಳಿಸಿಕೊಂಡು, ಫೈಲು ತರಿಸಿ, ಜೀಪು ಹತ್ತಿದರು. ಯಾವತ್ತೂ ದನಿಯೆತ್ತದ ಆ ಮನುಷ್ಯ ಗೇಟಿನ ಮುಂದೆ ನಿಂತು ಬೀಗದ ಕೈ ಕೇಳಿದರು. ಸರಸ್ವತಮ್ಮ ಹೊರಗೆ ಬಂದರು.

"ಅಲ್ಲ ಸಾರ್, ಕೆಂಪರಾಜು ಅವ್ರು ಸೈಟ್ ರೇಟ್ ಹೇಳುವಾಗ್ಲೇ ಹೇಳಿದ್ರು, ಪಾರ್ಕಿಗೆ ಬಿಟ್ಟ ಜಾಗದ್ದೂ ಸೇರಿ ಇಷ್ಟು ಅಂತ. ಇದು ನಾವು ಕೊಟ್ಟಿರೋ ದುಡ್ಡು. ನಮ್ಮ ದುಡ್ಡಿನ ಪಾರ್ಕಿಗೆ ನಾವು ಬೀಗ ಹಾಕ್ಬಾರ್ದಾ?"

ಕೆಂಪರಾಜು ನಕ್ಕು ಹೇಳಿದ್ದ ಮಾತು ಆಗ ನೆನಪಾಯಿತು. ಆಕೆ ಹೇಳಿದ್ದು ಪೂರ್ತಿ ಸುಳ್ಳಾಗಿರಲಿಲ್ಲ. ಜಾಗ ಬಿಟ್ಟವನು ಅದರ ಬೆಲೆಯನ್ನು ಕೊಂಡವರ ಹೆಗಲಿಗೆ ದಾಟಿಸಿದ್ದ.

ಸಾಹೇಬರು ಕೈಯಲ್ಲಿದ್ದ ಫೈಲು ತೆರೆದರು. "ಕೊಟ್ಟಿದ್ದೀರಿ ತಾಯಿ, ಇಲ್ಲ ಅನ್ನಲ್ಲ. ಕೊಟ್ಟಿದ್ದು ಊರಿಗೆ. ಊರು ಅಂದ್ರೆ ನೀವೂ ಸೇರಿ, ನೀವಷ್ಟೇ ಅಲ್ಲ. ಬೀಗ ತೆಗೀರಿ, ಇಲ್ದಿದ್ರೆ ಒಡೆಸ್ತೀನಿ."

ಬೀಗ ತೆಗೆದರು. ತಗಡನ್ನೂ ಇಳಿಸಿದರು. ನಾನು ಜೀಪಿಗೂ ಕಾಯದೆ, ಸಿಕ್ಕ ಆಟೋ ಹತ್ತಿ ಮೊಹಲ್ಲಾಕ್ಕೆ ಬಂದೆ. ಗೆದ್ದ ಸಂತೋಷ ಎದೆಯಲ್ಲಿ ಹಿಡಿಸುತ್ತಿರಲಿಲ್ಲ. ಆಪಾ ಶೆಡ್ಡಿನ ಮುಂದೆ ಖಾಲಿ ಬುಟ್ಟಿ ಕೊಡವುತ್ತಿದ್ದರು. ಮುನ್ನಿ ನೀರು ಚೆಲ್ಲುತ್ತಿದ್ದಳು.

"ಬೀಗ ತೆಗ್ಸಿದ್ವಿ ಆಪಾ. ಇನ್ನು ಯಾರೂ ಹಾಕಂಗಿಲ್ಲ. ನಡೀರಿ."

ಅವರು ಬುಟ್ಟಿ ಕೆಳಗಿಟ್ಟರು. "ಒಂದು ಮಾತು ಕೇಳ್ತೀನಿ. ನಿಮ್ಮಪ್ಪನ ಮೇಲೆ ಆಣೆ ಇಟ್ಟು ಹೇಳು. ನಮ್ಮ ಮೈಮೇಲೆ ವಾಸನೆ ಇತ್ತಾ?"

"ಅಪ್ಪನ ಆಣೆ ಆಪಾ, ಇರ್ಲಿಲ್ಲ. ಒಂದು ದಿನಾನೂ ನಂಗೆ ಬಂದಿಲ್ಲ."

ಅವರಿಗೆ ಸಮಾಧಾನವಾಗುತ್ತದೆ ಅಂದುಕೊಂಡಿದ್ದೆ. ಅವರು ತಲೆ ವಾರೆ ಮಾಡಿ, ಉಸಿರು ಬರುವುದನ್ನು ಕಾದರು. ಆ ನೋಟ ನೋಡಿ ತಿಂಗಳುಗಳಾಗಿತ್ತು.

"ವಾಸನೆ ಇರ್ನಿಲ್ಲ" ಅಂದರು. "ಹಂಗಾದ್ರೆ ಅವ್ರು ಬೇಡ ಅಂದಿದ್ದು ವಾಸನೆನ ಅಲ್ಲ. ನಮ್ಮನ್ನ."

ಮುನ್ನಿ ನೀರು ಚೆಲ್ಲುವುದನ್ನು ನಿಲ್ಲಿಸಿದಳು.

"ವಾಸನೆ ಆಗಿದ್ರೆ ತೊಳ್ಕೊಂಡೇನು ಮಂಜು. ಇದುನ್ನ ಹೆಂಗೆ ತೊಳೀಲಿ?" ಎಂದು ಹೇಳಿ ಒಳಗೆ ಹೋದರು.

ಆಮೇಲೆ ಅವರು ಪಾರ್ಕಿಗೆ ಬರಲಿಲ್ಲ. ಎಷ್ಟು ಕರೆದರೂ ಬರಲಿಲ್ಲ. ಗೇಟು ತೆರೆದೇ ಇತ್ತು. ಸಂಜೆ ಹೊತ್ತು ನನ್ನ ಕೋಣೆಯ ಮುಂದಿನ ಮಹಡಿಯಲ್ಲಿ, ನೀರಿನ ತೊಟ್ಟಿಯಿಂದ ಬಟ್ಟೆಯ ತಂತಿಯವರೆಗೆ, ತಂತಿಯಿಂದ ತೊಟ್ಟಿಯವರೆಗೆ ನಡೆಯುತ್ತಿದ್ದರು. ಕೆಳಗಿನ ಶೆಡ್ಡಿನ ಹೊಗೆಗೊಳವೆ ಅಲ್ಲಿಗೇ ತೆರೆದುಕೊಂಡಿತ್ತು. ಶ್ರಾವಣದಲ್ಲಿ ನನ್ನ ತಾತ್ಕಾಲಿಕ ಕೆಲಸ ದೂರದ ಉತ್ತರದ ಜಿಲ್ಲೆಯೊಂದರಲ್ಲಿ ಖಾಯಂ ಆಯಿತು. ಹೊರಡುವ ದಿನ ಆಪಾ ಬಸ್ ಸ್ಟ್ಯಾಂಡಿನವರೆಗೆ ಬಂದರು. ಎರಡು ಕಡೆ ನಿಂತು ಬಂದರು.

ಅಲ್ಲಿಂದ ವರ್ಷಗಳು ಹೋದವು. ಮದುವೆ, ಮಗು, ಬಡ್ತಿ. ಈದ್‌ಗೆ ನಾನು ಫೋನು ಮಾಡುತ್ತಿದ್ದೆ, ಯುಗಾದಿಗೆ ಅವರು ಮಾಡುತ್ತಿದ್ದರು. ರಜಕ್ಕೆ ಊರಿಗೆ ಬಂದರೆ ಬೆಂಗಳೂರಿನಿಂದ ನೇರ ಮಾಗಡಿ ಬಸ್ಸು. ರಾಮನಗರದ ರೈಲು ಹತ್ತಿದ್ದು ಇದೇ ಮೊದಲು, ಕಚೇರಿಯ ಕೆಲಸಕ್ಕೆ.

ಕೆಲಸ ಮುಗಿಸಿ ಮೊಹಲ್ಲಾಕ್ಕೆ ಹೋದೆ. ಮೋರಿಗೆ ಚಪ್ಪಡಿ ಹಾಕಿದ್ದಾರೆ, ಉಳಿದದ್ದು ಹಾಗೇ ಇದೆ. ಮಗ ಚನ್ನಪಟ್ಟಣ ಬಿಟ್ಟು ಬಂದು ಶೆಡ್ಡು ನೋಡಿಕೊಳ್ಳುತ್ತಾನೆ. ಆಪಾ ಒಲೆಯ ಮುಂದೆ ಕೂರುವುದಿಲ್ಲ, ಕೂರಲು ಆಗುವುದಿಲ್ಲ. ಮಂಚದ ಪಕ್ಕ ಉಸಿರಿಗೆ ಎಳೆದುಕೊಳ್ಳುವ ಮದ್ದಿನ ಕೊಳವೆ ಇತ್ತು. ನನ್ನ ಕೆನ್ನೆ ಸವರಿ, ಸೊಸೆಯ ಕೈಲಿ ಟೀ ಮಾಡಿಸಿದರು. ಲೋಟ ಬಾಯಿಗೆ ತಂದೆ. ನನಗೆ ಅರಿವಿಲ್ಲದೆ ಬೆರಳು ಮೂಗಿನ ಹತ್ತಿರ ಹೋಗಿತ್ತು.

ಆಪಾ ನೋಡಿದರು. ಅವರ ಕಣ್ಣಿಗೆ ಏನೂ ತಪ್ಪುವುದಿಲ್ಲ.

"ಬತ್ತಾ ಐತಾ?" ಅಂದರು. ಅದೇ ಪ್ರಶ್ನೆ, ಅದೇ ದನಿ.

ನನಗೆ ಸುಳ್ಳು ಬರಲಿಲ್ಲ. "ಹೂಂ ಆಪಾ. ಸ್ಟೇಷನ್ನಿಂದ್ಲೇ ಬತ್ತಾ ಐತೆ."

"ಆವಾಗ್ಲೂ ಬತ್ತಿತ್ತಾ?"

"ಬತ್ತಿತ್ತು ಅನ್ಸುತ್ತೆ. ಬಂದ ಹೊಸ್ದರಲ್ಲಿ ನಂಗೂ ಬಂದಿತ್ತು. ಆಮೇಲೆ ನಂಗೆ ಗೊತ್ತಾಗ್ತಾನೇ ಇರ್ಲಿಲ್ಲ."

ಶೆಡ್ಡಿನಲ್ಲಿ ನೀರು ಕುದಿಯುವ ಸದ್ದು, ಹೆಂಗಸರ ಮಾತು. ಆಪಾ ನಗತೊಡಗಿದರು. ನಗು ಕೆಮ್ಮಾಗಿ, ಕೆಮ್ಮು ನಿಂತು, ಕಣ್ಣೊರೆಸಿಕೊಂಡು, "ಅಷ್ಟು ದಿನಾ ನಮ್ಮೋಳೇ ಆಗ್ಬುಟ್ಟಿದ್ದೆ ಕಣಮ್ಮ ನೀನು" ಅಂದರು.

ಎದ್ದು ಬುರ್ಖಾ ಹಾಕಿಕೊಂಡರು. ಗೋಡೆಯ ಗೂಡಿನಲ್ಲಿ ಆ ಅತ್ತರಿನ ಸೀಸೆ ಇನ್ನೂ ಇತ್ತು, ತಳದಲ್ಲಿ ಒಣಗಿ ಕಂದಾಗಿತ್ತು. ಅದನ್ನು ಮುಟ್ಟಿ, ಅಲ್ಲೇ ಬಿಟ್ಟರು.

"ನಡಿ, ಹೋಗಿ ಬರಾನ."

ಆಟೋದಲ್ಲಿ ಹೋದೆವು. ಸುತ್ತ ಈಗ ಮನೆಯ ಮೇಲೆ ಮನೆ. ಹೊಂಗೆ ಮರಗಳು ದಾರಿಗೆ ನೆರಳು ಚೆಲ್ಲಿವೆ. ಒಂದು ಉಯ್ಯಾಲೆಗೆ ಸರಪಳಿ ಇಲ್ಲ. ಗೇಟು ತೆರೆದಿತ್ತು, ಅಪ್ಪನ ಕಂಬ ಅಲ್ಲಾಡಿರಲಿಲ್ಲ. ಸರಸ್ವತಮ್ಮನ ಮನೆಯಲ್ಲಿ ಬೇರೆ ಯಾರೋ ಇದ್ದರು. ಆಪಾ ನನ್ನ ತೋಳು ಹಿಡಿದು ಮೆಲ್ಲಗೆ ಹೆಜ್ಜೆ ಹಾಕಿದರು. ಮೊದಲ ಬೆಂಚಿನಲ್ಲಿ ಒಬ್ಬ ಚಿಕ್ಕ ವಯಸ್ಸಿನ ಹೆಂಗಸು ಮಗುವಿಗೆ ತಿನ್ನಿಸುತ್ತಿದ್ದಳು. ನಾವು ಹತ್ತಿರವಾದಾಗ ದುಪಟ್ಟಾ ಮುಖಕ್ಕೆ ತಂದುಕೊಂಡಳು. ಮಗುವನ್ನು ಎತ್ತಿಕೊಂಡು ಆಚೆಯ ಬೆಂಚಿಗೆ ಹೋದಳು. ವಾಸನೆಗೋ, ಬುರ್ಖಾಗೋ, ಅಥವಾ ಅಲ್ಲಿ ಬಿಸಿಲು ಬಿದ್ದಿತ್ತೋ, ನನಗೆ ತಿಳಿಯಲಿಲ್ಲ.

ಆಪಾ ನನ್ನ ತೋಳು ಅದುಮಿದರು. "ವಾಸನೆಗೇ ಅಂತ ಅನ್ಕೊಳಾನ ಬುಡು."

ಇನ್ನಷ್ಟು ನಡೆದೆವು. ನೇರಳೆ ಮರದ ಹತ್ತಿರ ಅವರು ನಿಂತರು. ತಲೆ ವಾರೆ ಮಾಡಿ ಕಾದರು. ಉಸಿರು ತಡವಾಗಿ ಬಂತು, ಬಂದದ್ದೂ ಅರ್ಧವೇ ಬಂತು. ನಾನು ಹಿಂದಿರುಗೋಣ ಅಂದೆ. ಅವರು ತಲೆಯಾಡಿಸಿ, ಅಲ್ಲಿದ್ದ ಕಲ್ಲು ಬೆಂಚಿನ ಮೇಲೆ ಕೂತು, ಬುರ್ಖಾ ಸರಿಮಾಡಿಕೊಂಡು, ಸುತ್ತ ಒಮ್ಮೆ ನೋಡಿದರು.

"ಉಳಿದ ಅರ್ಧ ನೀನು ಹಾಕ್ಕೊಂಡ್ ಬಾ" ಅಂದರು. "ನಾನು ಇಲ್ಲೇ ಕುಂತಿರ್ತೀನಿ."